ಸರಸ್ವತೀಬಾಯಿಯ ಮೈಲಿಗೆ

ಆ ಗುಳಿಗೆ ತಂದ ರೀತಿ ನೋಡಿಯೇ ಸರಸ್ವತೀಬಾಯಿಯ ಜೀವ ಅರ್ಧ ಹೋಗಿತ್ತು. ಹುಬ್ಬಳ್ಳಿಯ ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದು ಕೋಣೆ, ಬಾಗಿಲ ಮೇಲೆ ಹಳದಿ ಗುರುತು, ಒಳಗೆ ಒಂದೇ ಕುರ್ಚಿ. ಖುಷ್ಬೂ ಎಂಬ ನರ್ಸು ಕೈಗವಸು ಹಾಕಿಕೊಂಡು ಸೀಸದ ದಪ್ಪ ಡಬ್ಬಿಯನ್ನು ಗಾಡಿಯ ಮೇಲೆ ತಳ್ಳಿಕೊಂಡು ಬಂದಳು. ಮುಚ್ಚಳ ತೆಗೆದು, ಉದ್ದನೆಯ ಚಿಮಟದಿಂದ ಗುಳಿಗೆ ಎತ್ತಿ ಬಟ್ಟಲಿಗೆ ಹಾಕಿ, ಬಟ್ಟಲನ್ನು ಮೇಜಿನ ಮೇಲಿಟ್ಟು ತಾನು ಬಾಗಿಲ ತನಕ ಹಿಂದೆ ಸರಿದು ನಿಂತಳು.

"ಕೈಲೆ ಮುಟ್ಟಬ್ಯಾಡ್ರಿ ಅಜ್ಜಿ. ಬಟ್ಟಲಾ ಎತ್ತಿ ಬಾಯಾಗ ಹಾಕ್ಕೊಂಡು ನೀರು ಕುಡದಬಿಡ್ರಿ."

"ಅಲ್ಲವಾ, ನೀ ಚಿಮಟಾದಾಗ ಹಿಡಿಯೂದನ್ನ ನಾ ನುಂಗಬೇಕೇನು?"

ಪಾಪ, ಹುಡುಗಿ ನಕ್ಕಳು. ದಿನವೂ ಇದೇ ಕೆಲಸ ಮಾಡುವವರು ದೂರ ನಿಲ್ಲಲೇಬೇಕು, ನಿಮಗಾದರೆ ಇದು ಒಮ್ಮೆ ಕೊಡುವ ಔಷಧ ಎಂದು ಸಮಾಧಾನ ಹೇಳಿದಳು. ಹೇಳುವವರು ಹೇಳಿದರು, ಕೇಳುವವಳ ಎದೆ ಕೇಳಬೇಕಲ್ಲ! ಆ ಎದೆಯಾದರೂ ಎಂಥದು? ಆರು ತಿಂಗಳಿಂದ ಕೂತಲ್ಲೇ ಡವಡವ. ಕೈ ನಡುಗಿ ನಡುಗಿ ಬಾಗಿಲ ಮುಂದಿನ ರಂಗೋಲಿ ಎಳೆ ಸೊಟ್ಟ. ತಿಂದದ್ದು ಮೈಗೆ ಹತ್ತದೆ ಕುಪ್ಪಸದ ತೋಳು ಜೋಲು. ಗಂಟಲಲ್ಲಿರುವ ಥೈರಾಯ್ಡ್ ಗ್ರಂಥಿ ಹುಚ್ಚು ಹಿಡಿದ ಹಾಗೆ ದುಡಿಯುತ್ತಿದೆ, ಉಳಿದ ಗುಳಿಗೆಗಳು ಇವರಿಗೆ ಒಗ್ಗುತ್ತಿಲ್ಲ, ಈ ವಿಕಿರಣದ ಅಯೋಡಿನ್ ಕೊಟ್ಟರೆ ಅದು ನೇರ ಗಂಟಲಿಗೆ ಹೋಗಿ ಗ್ರಂಥಿಯನ್ನು ಒಳಗಿನಿಂದಲೇ ಸುಡುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಗ್ರಂಥಿ ಪೂರ್ತಿ ಸತ್ತರೆ ಬದುಕಿರುವ ತನಕ ದಿನಾ ಬೆಳಿಗ್ಗೆ ಬೇರೆ ಗುಳಿಗೆ ನುಂಗಬೇಕು, ಅದನ್ನೂ ಮುಚ್ಚಿಟ್ಟಿರಲಿಲ್ಲ. ಸರಸ್ವತೀಬಾಯಿ ರಾಯರ ಹೆಸರು ಹೇಳಿ ಕಣ್ಣು ಮುಚ್ಚಿ ನುಂಗಿದಳು.

ಹೊರಡುವಾಗ ಡಾಕ್ಟರು ಮಗ ವಿವೇಕನನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು. "ಮೂರು ವಾರ ಸಣ್ಣ ಮಕ್ಕಳನ್ನ, ಬಸರಿದ್ದವರನ್ನ ಇವರ ಹತ್ರ ಬಿಡಬ್ಯಾಡ್ರಿ. ಉಗುಳು, ಬೆವರು ಎಲ್ಲಾದ್ರಾಗೂ ಅದು ಬರ್ತದ. ಮನ್ಯಾಗ ಕೂಸು ಅದ ಅಂದ್ರಲ್ಲ, ಅಗದಿ ಹುಷಾರು."

ಮನೆಯಲ್ಲಿ ಕೂಸು ಇತ್ತು. ವಿವೇಕನ ಮಗಳು ಊರ್ಮಿಳಾ, ಎರಡು ವರ್ಷದ್ದು. ತಾಯಿ ಮೈತ್ರೇಯಿ ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ಮಾಸ್ತರಿಣಿ. ಅವಳ ರಜೆ ಮುಗಿದಂದಿನಿಂದ ಕೂಸಿನ ಊಟ, ನಿದ್ದೆ, ಹಟ ಎಲ್ಲವೂ ಅಜ್ಜಿಯ ತೊಡೆಯ ಮೇಲೆ. ಅಜ್ಜಿಯ ಕೊರಳಿಗೆ ಮೂಗು ಒತ್ತಿದರೆ ಮಾತ್ರ ಆ ಹುಡುಗಿಗೆ ಕಣ್ಣು ಮುಚ್ಚುತ್ತಿತ್ತು. ಅಂಥದ್ದನ್ನು ಮೂರು ವಾರ ಬಿಟ್ಟಿರುವುದೆಂದರೇನು ಹುಡುಗಾಟವೇ?

ಅಣ್ಣಿಗೇರಿಗೆ ಮರಳುವಾಗ ಕಾರಿನಲ್ಲಿ ತಾಯಿಯ ಮುಖ ನೋಡಿ ವಿವೇಕ ಒಂದು ಉಪಾಯದ ಮಾತು ಹೇಳಿದ. "ನಿನಗೇನ ಹೊಸಾದಲ್ಲ ಬಿಡವಾ. ಮೊದಲೆಲ್ಲಾ ತಿಂಗಳಾ ತಿಂಗಳಾ ಹೊರಗ ಕೂಡ್ತಿದ್ದಿ ಅಲ್ಲಾ, ಹಂಗಂತ ತಿಳಿ. ಯಾರನ್ನೂ ಮುಟ್ಟಬಾರದು, ಅಷ್ಟ."

ಬುದ್ಧಿವಂತ ಮಗ! ಒಂದೇ ಮಾತಿನಲ್ಲಿ ತಾಯಿಯ ತಲೆಗೆ ಹೋಗುವಂತೆ ಹೇಳಿದೆನೆಂದು ದಾರಿಯುದ್ದಕ್ಕೂ ಬೀಗಿದ. ತಲೆಗೇನೋ ಹೋಯಿತು. ಹೋದದ್ದೇ ಎಡವಟ್ಟಾಯಿತು.

ಮುಟ್ಟು ನಿಂತು ಎಷ್ಟೋ ವರ್ಷವಾಗಿದ್ದರೂ ಹೊರಗೆ ಕೂಡುವ ಶಿಸ್ತನ್ನು ಸರಸ್ವತೀಬಾಯಿಗೆ ಯಾರೂ ಕಲಿಸಬೇಕಿರಲಿಲ್ಲ. ಹಿತ್ತಲ ಕೋಣೆ ಹಿಡಿದಳು. ಬೇರೆ ತಟ್ಟೆ, ಬೇರೆ ತಂಬಿಗೆ, ಬೇರೆ ಚಾಪೆ. ಗಂಡ ವೆಂಕಣ್ಣ, ರಿಟೈರಾದ ಪೋಸ್ಟ್ ಮಾಸ್ತರರು, ಊಟವನ್ನು ಹೊಸ್ತಿಲಲ್ಲಿಟ್ಟು ಸರಿದ ಮೇಲೆಯೇ ಕೈಗೆತ್ತಿಕೊಂಡಳು. ಸೊಸೆ ಕೂಡ ಮೆಚ್ಚಿದಳು. ಮಡಿ ಮೈಲಿಗೆ ಎಂದರೆ ಮೂಗು ಮುರಿಯುವ ಮೈತ್ರೇಯಿ "ಅತ್ಯಾನ ಹಂಗ ಪಾಲಸ್ಲಿಕ್ಕೆ ಯಾರಿಗೂ ಆಗೂದಿಲ್ಲ" ಎಂದದ್ದು ಕಿವಿಗೆ ಬಿದ್ದಾಗ ಸರಸ್ವತೀಬಾಯಿಗೆ ಒಳಗೊಳಗೇ ಹಿಗ್ಗು.

ಮೂರು ದಿನ ಕಳೆಯಿತು. ನಾಲ್ಕನೆಯ ಬೆಳಿಗ್ಗೆ ಮಗ ಸೊಸೆ ಕೆಲಸಕ್ಕೆ ಹೋದದ್ದೇ ತಡ, ಚಾಪೆ, ಹಾಸಿಗೆ, ಉಟ್ಟದ್ದು, ಹೊದ್ದದ್ದು ಎಲ್ಲ ಒಗೆದು ಹರವಿ, ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದುಕೊಂಡು, ಅರಿಷಿಣ ಹಚ್ಚಿಕೊಂಡು, ತುಳಸಿಗೆ ಸುತ್ತು ಹಾಕಿ ಒಳಗೆ ಬಂದಳು.

ವೆಂಕಣ್ಣ ಗಾಬರಿಯಾದರು. "ಮೂರು ವಾರ ಅಂದಿದ್ರಲ್ಲ ಅವರು?"

"ಅದು ರೀತಿ ರಿವಾಜು ಗೊತ್ತಿಲ್ಲದವರಿಗೆ ಹೇಳಿದ್ದು. ಹೊರಗ ಕೂತು ಒಳಗಿಂದೆಲ್ಲಾ ಮುಟ್ಟಾವರಿಗೆ ಮೂರಲ್ಲ, ಆರು ವಾರ ಬೇಕು. ನಾ ಒಂದು ಚಮಚಾ ಸುದ್ದಾ ಮುಟ್ಟೀನೇನು?"

ವೆಂಕಣ್ಣನಿಗೆ ಮೂರು ದಿನಗಳಲ್ಲಿ ಮೊಮ್ಮಗಳು ತಲೆ ತಿಂದು ಹಾಕಿದ್ದಳು. ಅತ್ತು ಅತ್ತು ಅವಳ ದನಿಯೂ ಬಿದ್ದಿತ್ತು. ನಂಬುವುದು ಸುಲಭವಾಗಿತ್ತು, ನಂಬಿದರು. ಊರ್ಮಿ ಓಡಿ ಬಂದು ಅಜ್ಜಿಯ ಕೊರಳಿಗೆ ಜೋತು ಬಿದ್ದಳು. ಸರಸ್ವತೀಬಾಯಿ ಬಿಸಿ ಅನ್ನ ಕಿವುಚಿ, ಪ್ರತಿ ತುತ್ತನ್ನೂ ತನ್ನ ತುಟಿಗೆ ಹಚ್ಚಿ ಬಿಸಿ ನೋಡಿ ಉಣ್ಣಿಸಿದಳು. ಮಧ್ಯಾಹ್ನ ಫ್ಯಾನಿನ ಕೆಳಗೆ ಕೂಸು ಅವಳ ಕೊರಳಲ್ಲಿ ಮುಖ ಹುದುಗಿಸಿ ಮಲಗಿತು. ಎಷ್ಟು ಸುಖವಾಯಿತು ಮುದುಕಿಗೆ! ಆದರೂ ಸಂಜೆ ಸೊಸೆ ಬರುವ ಹೊತ್ತಿಗೆ ಹಿತ್ತಲ ಕೋಣೆಗೆ ವಾಪಸು. ಈಗಿನ ಹುಡುಗಿ, ಸುಮ್ಮನೆ ವಾದಕ್ಕೆ ನಿಲ್ಲುತ್ತಾಳೆ ಎಂದು ತನಗೆ ತಾನೇ ಹೇಳಿಕೊಂಡಳು. ಪೂರ್ತಿ ಧೈರ್ಯವಿದ್ದವರು ಹಾಗೆ ಕದ್ದು ಹೋಗುವುದಿಲ್ಲ, ಅದು ಅವಳಿಗೂ ಗೊತ್ತಿತ್ತು. ಹೀಗೇ ದಿನಾ ನಡೆಯಿತು.

ಮೈತ್ರೇಯಿ ಆಗ ಧಾರವಾಡಕ್ಕೆ ಪರೀಕ್ಷೆಯ ಪೇಪರು ತಿದ್ದಲು ಹೋಗಿ ಬರುತ್ತಿದ್ದಳು. ಒಂದು ದಿನ ಕೆಲಸ ಬೇಗ ಮುಗಿದು ಮಧ್ಯಾಹ್ನವೇ ಮನೆಗೆ ಬಂದಳು. ಪಡಸಾಲೆಯಲ್ಲಿ ಅಜ್ಜಿ, ಮೊಮ್ಮಗಳು ಗಾಢ ನಿದ್ದೆಯಲ್ಲಿದ್ದರು. ಕೂಸಿನ ತೆರೆದ ಬಾಯಿ ಅಜ್ಜಿಯ ಗಂಟಲ ಮೇಲಿತ್ತು.

ಮೈತ್ರೇಯಿ ಚೀರಿದಳು. ಕೂಸನ್ನು ಕಸಿದುಕೊಂಡ ರಭಸಕ್ಕೆ ಅದೂ ಬೆಚ್ಚಿ ಚೀರಿತು.

"ಅತ್ಯಾ! ಎಷ್ಟ ದಿನಾದಿಂದ ನಡದದ ಇದು?"

"ನಾಕನೇ ದಿನಕ್ಕ ತಲಿ ಮ್ಯಾಲ ನೀರ ಹಾಕ್ಕೊಂಡೀನಲ್ಲವಾ. ಹಾಸಿಗಿ ಸುದ್ದಾ ಒಗದೀನಿ."

"ನೀರ ಹಾಕ್ಕೊಂಡ್ರ ಹೋಗೂದಲ್ರಿ ಅದು! ಮೈಮ್ಯಾಲಿಲ್ಲ, ನಿಮ್ಮ ಗಂಟಲದಾಗ ಕೂತದ! ಕೂಸು ಅಲ್ಲೇ ಬಾಯಿ ಇಟ್ಟು ಮಲಗೇದ!"

ಸರಸ್ವತೀಬಾಯಿಯ ಕೈ ತಾನಾಗಿ ಗಂಟಲಿಗೆ ಹೋಯಿತು, ಮುಟ್ಟಲು ಹೆದರಿ ಅರ್ಧಕ್ಕೇ ನಿಂತಿತು. ಮೈಲಿಗೆಯೆಂದರೆ ಮೈಗೆ ಅಂಟುವಂಥದ್ದು, ತೊಳೆದರೆ ಹೋಗುವಂಥದ್ದು ಎಂದೇ ಅವಳು ಹುಟ್ಟಿದಂದಿನಿಂದ ತಿಳಿದಿದ್ದಳು. ಒಳಗೆ ಕೂತು ತನ್ನ ಪಾಡಿಗೆ ಉರಿಯುವುದನ್ನು ಯಾವ ನೀರಿನಿಂದ ತೊಳೆಯುವುದು? ವೆಂಕಣ್ಣ ಗೋಡೆಗೆ ಆತು ನಿಂತಿದ್ದರು. ಯಾರೂ ಅವರನ್ನು ಬೈಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದರು.

ಫೋನು ಮಾಡಿದರೆ ಡಾಕ್ಟರು ಇಬ್ಬರನ್ನೂ ಕರೆತನ್ನಿ ಎಂದರು. ವಿವೇಕ ಆಫೀಸಿನಿಂದ ಓಡಿ ಬಂದ. ಕೂಸು ತಾಯಿಯೊಂದಿಗೆ ಮುಂದೆ, ಸರಸ್ವತೀಬಾಯಿ ಹಿಂದಿನ ಸೀಟಿನ ಮೂಲೆಯಲ್ಲಿ. ಹುಬ್ಬಳ್ಳಿ ಬರುವ ತನಕ ಅವಳು ಬಾಯಿಗೆ ಸೆರಗು ಒತ್ತಿ, ಉಸಿರನ್ನು ಕಿಟಕಿಯ ಕಡೆಗೇ ಬಿಡುತ್ತ ಕೂತಳು. ಉಸಿರಿನಲ್ಲೂ ಅದು ಬಂದರೆ?

ಮತ್ತೆ ಅದೇ ಹಳದಿ ಗುರುತಿನ ಬಾಗಿಲು. ಖುಷ್ಬೂ ಒಂದು ಮೀಟರು ತಂದಳು. ತಂತಿಯ ತುದಿಗೆ ಹಿಡಿಕೆಯಂಥದ್ದು, ವಿಕಿರಣವಿದ್ದಲ್ಲಿ ಸದ್ದು ಮಾಡುವಂಥದ್ದು. ಸರಸ್ವತೀಬಾಯಿಯ ಕೊರಳ ಹತ್ತಿರ ಇನ್ನೂ ತಂದೇ ಇರಲಿಲ್ಲ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಚಟ ಸುರುವಾಯಿತು. ಮುದುಕಿ ತನ್ನ ಗಂಟಲ ಆ ಸದ್ದು ಕೇಳಿ ತಾನೇ ಹಿಂದೆ ಸರಿದಳು. ಎಲ್ಲಿಗೆಂದು ಸರಿಯುವುದು?

"ಈಗ ಕೂಸನ್ನ ಹಿಡಕೊಳ್ರಿ, ಅಲುಗಾಡಬಾರದು," ಎಂದಳು ಖುಷ್ಬೂ.

ಊರ್ಮಿ ಎಲ್ಲಿ ಸುಮ್ಮನಿರುತ್ತಾಳೆ? ಮೈತ್ರೇಯಿಯ ತೊಡೆಯಿಂದ ಜಾರಿ ಜಾರಿ ಎರಡೂ ಕೈ ಚಾಚಿ "ಅಜ್ಜೀ, ಅಜ್ಜೀ" ಎಂದು ಕಿರುಚಿದಳು. ತಾನು ಕಣ್ಣೆದುರು ಇರುವ ತನಕ ಅವಳು ನಿಲ್ಲುವುದಿಲ್ಲವೆಂದು ಸರಸ್ವತೀಬಾಯಿ ಎದ್ದು ಹೊರಗಿನ ಓಣಿಯಂಥ ಜಾಗಕ್ಕೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ಒಳಗಿನ ಅಳು ಬಿಕ್ಕಾಯಿತು, ಬಿಕ್ಕು ನಿಂತಿತು. ಆಮೇಲೆ ಸದ್ದು ಕೇಳಿಸಿತು. ಟಿಕ್. ಟಿಕ್. ದೇವರೇ, ನಿಲ್ಲಲಿ ಎಂದಳು. ನಿಲ್ಲಲಿಲ್ಲ, ಜೋರಾಯಿತು.

ಜೋರಾದದ್ದು ಫ್ರಾಕಿನ ಕೊರಳ ಪಟ್ಟಿಯ ಹತ್ತಿರ. ಊಟ ಉಣಿಸುವಾಗ ಸುರಿದದ್ದು, ಅಜ್ಜಿಯ ಬೆವರು ಎಲ್ಲ ಅಲ್ಲೇ ಇತ್ತು. ಫ್ರಾಕು ಕಳಚಿ, ಮೈ ತೊಳೆದು ಮತ್ತೆ ಹಿಡಿದರು. ಸದ್ದು ಬಹಳ ಇಳಿಯಿತು. ಗಂಟಲ ಹತ್ತಿರ ಮಾತ್ರ ಆಗೊಂದು ಈಗೊಂದು ಟಿಕ್ ಉಳಿಯಿತು.

"ಒಂದೀಟ ಒಳಗ ಹೋಗೇದ," ಎಂದರು ಡಾಕ್ಟರು. "ಕೆಲವು ದಿನದಾಗ ತಾನ ಹೋಗ್ತದ. ತೊಂದರಿ ಆಗೂದಿಲ್ಲ ಅಂತನ ನಾ ಹೇಳ್ತೀನಿ. ವರ್ಷಕ್ಕೊಮ್ಮೆ ರಕ್ತಾ, ಗಂಟಲಾ ತಪಾಸು ಮಾಡಸ್ಕೋತ ಇರ್ರಿ."

"ತೊಂದರಿ ಆಗೂದಿಲ್ಲಂದ್ರ ತಪಾಸು ಯಾಕ್ರಿ?" ಮೈತ್ರೇಯಿ ಕೇಳಿದಳು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸಣ್ಣ ಕೂಸು ನೋಡ್ರಿ. ನೋಡ್ಕೋತ ಇರೂದು ಛಲೋ. ಇನ್ನ ಮ್ಯಾಲೆ ಮಾತ್ರ ಅಜ್ಜಿ ಹತ್ರ ಹೋಗಗೊಡಬ್ಯಾಡ್ರಿ. ನಾ ಅವರನ್ನ ಮತ್ತ ನೋಡಿ ಹೂಂ ಅನ್ನೂ ತನಕಾ."

ಮನೆಯಲ್ಲಿ ಯಾರೂ ಸರಸ್ವತೀಬಾಯಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಅವಳು ಹಿತ್ತಲ ಕೋಣೆಯಲ್ಲಿ ಕದ ಹಾಕಿ ಕೂತಳು. ಆದರೆ ಕೂಸಿಗೆ ಯಾರು ತಿಳಿಸಿ ಹೇಳಬೇಕು? ಒಂದು ಕ್ಷಣ ಕಣ್ಣು ತಪ್ಪಿದರೆ ಓಡಿ ಬಂದು ಕದ ಬಡಿಯುತ್ತಿತ್ತು. ಕದದ ಕೆಳಗಿನ ಸಂದಿಯಿಂದ ಬೆರಳು ತೂರಿಸಿ "ಅಜ್ಜಿ ಬಾ" ಎನ್ನುತ್ತಿತ್ತು. ಆ ಪುಟ್ಟ ಬೆರಳುಗಳನ್ನು ನೋಡಿ ಸರಸ್ವತೀಬಾಯಿ ಎದುರಿನ ಗೋಡೆಗೆ ಹೋಗಿ ಅಂಟಿಕೊಳ್ಳುತ್ತಿದ್ದಳು. ಹುಲಿ ಕಂಡವರೂ ಹಾಗೆ ಹೆದರಲಿಕ್ಕಿಲ್ಲ.

ಒಂದು ಬೆಳಿಗ್ಗೆ ಬಚ್ಚಲಿಗೆಂದು ಕದ ತೆಗೆದಾಗ ಊರ್ಮಿ ಅಲ್ಲೇ ಕಾಯ್ದು ಕೂತಿದ್ದಳು. ಕೇಕೆ ಹಾಕಿ ಕೈ ಚಾಚಿ ಬಂದಳು. ಸರಸ್ವತೀಬಾಯಿ ಹಿಂದೆ ಸರಿದಳು, ಅವಳು ಮುಂದೆ ಬಂದಳು. ಇನ್ನೊಂದು ಹೆಜ್ಜೆಗೆ ಸೀರೆ ಹಿಡಿಯುತ್ತಿದ್ದಳು. ಸರಸ್ವತೀಬಾಯಿ ಮೂಲೆಯ ಕಸಬರಿಗೆ ಎತ್ತಿ ನೆಲಕ್ಕೆ ಫಟ್ಟೆಂದು ಬಡಿದಳು.

"ಹೋಗಾಚೆ! ಬಂದ್ರ ಹೊಡೀತೀನಿ! ಕೊಂದ ಹಾಕ್ತೀನಿ ನೋಡು!"

ಆ ಬಾಯಿಂದ ಅಂಥ ದನಿಯನ್ನು ಕೂಸು ಎಂದೂ ಕೇಳಿರಲಿಲ್ಲ. ಚಾಚಿದ ಕೈ ಚಾಚಿದಂತೆಯೇ ನಿಂತಿತು. ಕಾಲಗುಂಟ ಉಚ್ಚೆ ಹರಿಯಿತು. ಆಮೇಲೆ ಉಸಿರು ಕಟ್ಟಿ ಅಳು. ವೆಂಕಣ್ಣ ಓಡಿ ಬಂದು "ಎಂಥಾ ಹೆಣ್ಣಲೇ ನೀನು!" ಎಂದು ಕೂಸನ್ನು ಎತ್ತಿಕೊಂಡರು. ಅಡಿಗೆಮನೆಯ ಬಾಗಿಲಲ್ಲಿ ಮೈತ್ರೇಯಿ ಎಲ್ಲ ನೋಡುತ್ತ ನಿಂತಿದ್ದಳು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿದರು. ಮೈತ್ರೇಯಿ ಬೇಡ ಎನ್ನಲಿಲ್ಲ.

ಮರುದಿನ ಊರ್ಮಿ ಮತ್ತೆ ಬಂದಳು, ಆದರೆ ದೂರದಲ್ಲಿ ನಿಂತಳು. ಸರಸ್ವತೀಬಾಯಿ ಮತ್ತೆ ಕಸಬರಿಗೆ ಬಡಿದಳು. ಕದ ಹಾಕಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಅದರ ಮರುದಿನ ಕೂಸು ಹಿತ್ತಲಿಗೇ ಬರಲಿಲ್ಲ.

ಡಾಕ್ಟರು ಹೇಳಿದ ದಿನ ವಿವೇಕ ತಾಯಿಯನ್ನು ಹುಬ್ಬಳ್ಳಿಗೆ ಕರೆದೊಯ್ದ. ಮೀಟರು ಹಿಡಿದು ನೋಡಿ ಅವರು ಇನ್ನು ಅಡ್ಡಿಯಿಲ್ಲ, ಮೊಮ್ಮಗಳನ್ನು ಎತ್ತಿಕೊಳ್ಳಿ ಎಂದರು. ಮನೆಗೆ ಬಂದಾಗ ಮೈತ್ರೇಯಿ ತಾನೇ ಕೂಸನ್ನು ಹೊತ್ತು ಪಡಸಾಲೆಗೆ ತಂದಳು.

"ತಗೋರಿ ಅತ್ಯಾ."

ಸರಸ್ವತೀಬಾಯಿ ಕೈ ಚಾಚಿದಳು. ಊರ್ಮಿ ತಾಯಿಯ ಹೆಗಲಿಗೆ ಉಗುರು ನೆಟ್ಟು ಮುಖ ಮುಚ್ಚಿಕೊಂಡಳು. "ಬ್ಯಾಡಾ, ಅಜ್ಜಿ ಬ್ಯಾಡಾ, ಹೊಡೀತಾಳ" ಎಂದು ನಡುಗಿದಳು.

ಚಾಚಿದ ಕೈ ಕೆಳಗಿಳಿಯಿತು.

"ಸಣ್ಣದು, ಮರೀತದ್ರಿ," ಎಂದಳು ಮೈತ್ರೇಯಿ.

"ನನ್ನ ಮಾತಿರಲಿ. ಅಕಿ ಗಂಟಲಾ ಒಂದೀಟ ನೋಡು, ಬಾತದೇನು?"

"ಇಲ್ರಿ, ಏನೂ ಇಲ್ಲ."

"ಇನ್ನೊಮ್ಮೆ ನೋಡವಾ."

ಮೈತ್ರೇಯಿ ಮಗಳ ಗದ್ದ ಎತ್ತಿ ಇನ್ನೊಮ್ಮೆ ನೋಡಿದಳು.