ಒಸಿ ಮೆತ್ತಗೆ, ಬೈರಪ್ಪ

ನಂದು ತೋಟದ ಗಂಟಲು. ಅಕ್ಕೂರಲ್ಲಿ ನಮ್ಮ ಹಿಪ್ಪುನೇರಳೆ ತೋಟದ ಈ ಬದಿ ನಿಂತು ಕೂಗಿದ್ರೆ ಆ ಬದಿ ಆಳು ತಿರುಗಿ ನೋಡ್ಬೇಕು. ಈ ಗಂಟಲನ್ನ ಚನ್ನಪಟ್ಟಣದ ಚರ್ಚಿನಲ್ಲಿ ಹಾಡಿಸಿದೋರು ಲೂರ್ದಮ್ಮ ಟೀಚರ್. ನನ್ನ ಮಗಳು ಲತಾಮಣಿಗೆ ಸ್ಕೂಲಲ್ಲಿ ಸಂಗೀತ ಹೇಳ್ಕೊಡ್ತಿದ್ರು. ಒಂದಿನ ಗೇಟಲ್ಲಿ ನಿಂತು ಮಗಳನ್ನ ಕೂಗಿದೆ. ಟೀಚರ್ ಈಚೆಗೆ ಬಂದು, "ಕ್ರಿಸ್ಮಸ್ ಹಾಡಿಗೆ ಗಂಡು ದನಿ ಸಾಲ್ದು, ನೀನು ಬಾಪ್ಪ" ಅಂದ್ರು.

"ನಾವು ಮಾರಮ್ಮನ ಒಕ್ಕಲು ಕಣ್ರಮ್ಮ."

"ಮಾರಮ್ಮ ಬೇಡ ಅಂತಾಳಾ? ಕೇಳ್ಕೊಂಡು ಬಾ ಹೋಗು."

ಮಾರಮ್ಮ ಏನೂ ಅನ್ನಲಿಲ್ಲ. ನನ್ನ ಹೆಂಡ್ತಿ ವೆಂಕಟಲಕ್ಷ್ಮಮ್ಮ ಮಾತ್ರ, "ಕೋಣನ ಮುಂದೆ ಕಿನ್ನರಿ ಬಾರಿಸೋರ್ನ ಕೇಳಿದ್ದೆ, ಕೋಣನ ಕೈಲೇ ಹಾಡಿಸೋರ್ನ ಈಗ ಕಂಡೆ" ಅಂದ್ಲು.

ಹನ್ನೆರಡು ವರ್ಷ ಹಾಡಿದೆ. ಹನ್ನೆರಡು ವರ್ಷವೂ ಆಯಮ್ಮ ಹಾರ್ಮೋನಿಯಂ ತಿದಿ ಬಿಟ್ಟು, ಎಡಗೈ ಕೆಳಕ್ಕೆ ಆಡಿಸಿ, "ಒಸಿ ಮೆತ್ತಗೆ, ಬೈರಪ್ಪ" ಅನ್ನೋರು. ನಂಗೂ ಉರಿಯೋದು. ಕರೆದೋರೂ ನೀವೇ, ಬೈಯೋರೂ ನೀವೇ ಅಂತ ಒಂದಿನ ಅಂದೇಬುಟ್ಟೆ. "ನಮ್ಮೋರನ್ನ ಬೈಯದೆ ಬೀದಿಲಿ ಹೋಗೋರ್ನ ಬೈಯ್ಲಾ?" ಅಂದ್ರು.

ಅವರ ಯಜಮಾನರು ಇನ್ನಾಸಪ್ಪ. ಮೂವತ್ತು ವರ್ಷ ಪವರ್ ಲೂಮ್ ಮುಂದೆ ನಿಂತು ಕಿವಿ ಪೂರ್ತಿ ಹೋಗಿತ್ತು. ಭಾನುವಾರದ ಪೂಜೇಲಿ ಟೀಚರ್ ಅವರನ್ನ ಪಕ್ಕದಲ್ಲೇ ಕೂರಿಸ್ಕೊಂಡು, ಅವರ ಅಂಗೈಯನ್ನ ಹಾರ್ಮೋನಿಯಂ ಮರದ ಮೇಲೆ ಇಟ್ಟು, ಆಮೇಲೇ ಹಾಡು ಶುರು ಮಾಡೋರು. ಮರ ಅದುರೋದ್ರಲ್ಲೇ ಯಾವ ಹಾಡು ಅಂತ ಆ ಮುದುಕರಿಗೆ ಗೊತ್ತಾಗೋದು. ಸ್ಕೂಲು, ಅಡುಗೆ, ಮೊಮ್ಮಕ್ಕಳ ಸ್ನಾನ, ಚರ್ಚಿಗೆ ಹೂವು, ಎಲ್ಲಾ ಮುಗಿಸ್ಕೊಂಡು ಓಡಿ ಬರೋ ಹೆಂಗಸು ಒಂದು ಭಾನುವಾರವೂ ಆ ಕೈ ಮರೀಲಿಲ್ಲ. ನಾನು ಮದುವೆಯಾಗಿ ಇಪ್ಪತ್ತೈದು ವರ್ಷ ಆಗೈತೆ, ಹೆಂಡ್ತಿ ಕೈನ ಹಂಗೆ ಒಂದಿನಾನೂ ಹಿಡಿದಿಲ್ಲ. ನೋಡಿ ನಾಚಿಕೆ ಆಗೋದು.

ಟೀಚರ್ ಮೂರು ತಿಂಗಳು ಆಸ್ಪತ್ರೇಲಿದ್ದು, ಹೋದ ತಿಂಗಳು ತೀರ್ಕೊಂಡ್ರು. ಮಣ್ಣು ಮಾಡೋ ದಿನ ಬೆಳಿಗ್ಗೆ ಅವರ ಮಗಳು ಸೆಲಿನ್, "ಬೈರಪ್ಪಣ್ಣ, ಅಮ್ಮನ ಹಾಡು ಅಪ್ಪಂಗೆ ಇವತ್ತೊಂದು ಸಲ ಮುಟ್ಟಬೇಕು. ಹಾರ್ಮೋನಿಯಂ ಚರ್ಚಿಗೆ ತಂದ್ಕೊಡಿ" ಅಂದ್ಲು. ಮೂರು ತಿಂಗಳಿಂದ ಮನೇಲಿ ಯಾರೂ ಮುಟ್ಟದ ಪೆಟ್ಟಿಗೆ, ಮುಚ್ಚಳ ತೆಗೆದ್ರೆ ಇಲಿಗಳು ತಿದಿಯನ್ನೆಲ್ಲ ಕಡಿದು ಹಾಕಿದ್ವು. ಒತ್ತಿದ್ರೆ ಬರೀ ಗಾಳಿ. ಸೆಲಿನ್ ಅಲ್ಲೇ ನೆಲದ ಮೇಲೆ ಕುಂತ್ಬುಟ್ಲು.

ಚರ್ಚಲ್ಲಿ ಕೀಬೋರ್ಡ್ ಇಟ್ಟರು. ಆಯಮ್ಮನ ಇಷ್ಟದ ಹಾಡು ಶುರುವಾಯ್ತು. ಇನ್ನಾಸಪ್ಪನೋರು ಎದ್ದು ಹೋಗಿ ಕೀಬೋರ್ಡ್ ಮೇಲೆ ಅಂಗೈ ಇಟ್ಟರು. ಅದು ಪ್ಲಾಸ್ಟಿಕ್ಕು, ಸದ್ದೆಲ್ಲ ಗೋಡೆ ಮೇಲಿನ ಸ್ಪೀಕರಲ್ಲಿ. ಕೈನ ಅತ್ತ ಇತ್ತ ಸರಿಸಿ ಹುಡುಕಿದ್ರು. ಆಮೇಲೆ ಕೈ ತೆಗೆದು ಸುಮ್ನೆ ನಿಂತ್ಕೊಂಡ್ರು.

ಹಾಡೋರ ಸಾಲು ಬಿಟ್ಟು ಹೋಗಿ, ಆ ಕೈ ಹಿಡಿದು ನನ್ನ ಎದೆ ಮೇಲೆ ಒತ್ತಿಟ್ಕೊಂಡೆ. ತೋಟದಲ್ಲಿ ಕೂಗೋ ಗಂಟಲಲ್ಲೇ ಹಾಡಿದೆ. ಫಾದರ್ ತಿರುಗಿ ನೋಡಿದ್ರು, ನೋಡ್ಲಿ. ಮೆತ್ತಗೆ ಅನ್ನೋರು ಹೂವಿನ ಕೆಳಗೆ ಮಲಗಿದ್ರು. ಎರಡನೇ ಸಾಲು ಬರೋ ಹೊತ್ತಿಗೆ ಮುದುಕರ ಬೆರಳು ನನ್ನೆದೆ ಮೇಲೆ ತಾಳ ಹಾಕ್ತಿದ್ವು.

ಹಾಡು ಮುಗೀತು. ಇನ್ನಾಸಪ್ಪನೋರು ಕೈ ತೆಗೀಲಿಲ್ಲ. ಕಿವಿ ಕೇಳದೋರ ದನಿ, ಚರ್ಚಿಗೆಲ್ಲ ಕೇಳಿಸ್ತು.

"ಇನ್ನೊಂದು ಸಲ ಹಾಡಪ್ಪ. ಇನ್ನೂ ಜೋರಾಗಿ. ಅವಳೆದ್ದು ನಿನ್ನ ಬೈಯೋ ತನಕ ಹಾಡು."