ಹುಲಿಗೆವ್ವನ ಮನೆಗೆ ಅಡ್ಡ ಬಂದ ಫ್ರಿಜ್ಜು

ನಾನು ಒಂದು ಫ್ರಿಜ್ಜು. ದೂರದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಮೈಬಣ್ಣ ಕಡುಗೆಂಪು. ಅದರ ಬಗ್ಗೆ ಸ್ವಲ್ಪ ಜಂಬವಿತ್ತು, ಈಗಲೂ ಇದೆ. ಗಂಗಾವತಿಯ ಕಾಲೇಜು ಮೇಷ್ಟರೊಬ್ಬರ ಮನೆಗೆ ಬಂದ ದಿನ ನನಗೆ ಹಾರ ಹಾಕಿ, ಕುಂಕುಮ ಹಚ್ಚಿ, ಕಾಯಿ ಒಡೆದರು. ಒಂಬತ್ತು ವರ್ಷ ಅವರ ಹಾಲು, ಮೊಸರು, ದೋಸೆ ಹಿಟ್ಟು ಕಾಯ್ದೆ. ಆಮೇಲೆ ಸೋಡಾ ಅಂಗಡಿಯವನ ಪಾಲಾದೆ. ಅವನು ದಿನಕ್ಕೆ ನೂರು ಸಲ ಬಾಗಿಲು ತೆಗೆದು, ಹಾಕಿ, ನನ್ನ ಪ್ರಾಣ ಹಿಂಡಿದ. ಒಂದು ಬೇಸಿಗೆಯಲ್ಲಿ ಕಂಪ್ರೆಸರ್ ಕೈಕೊಟ್ಟಿತು. ರಿಪೇರಿಯವನು ಬಂದು, ಹಿಂದೆ ಇಣುಕಿ ನೋಡಿ, ತಲೆಯಾಡಿಸಿ ಹೋದ. ಅಲ್ಲಿಗೆ ನನ್ನ ನೌಕರಿ ಮುಗಿಯಿತು.

ಗುಜರಿಯವನ ಆಟೋದಲ್ಲಿ ಮಲಗಿ ಹಳ್ಳಿಯೊಂದನ್ನು ದಾಟುತ್ತಿದ್ದಾಗ ಹುಲಿಗೆವ್ವ ನನ್ನನ್ನು ಕಂಡಳು. ಹಳೆ ಸೀರೆ, ಚಿಂದಿ ಬಟ್ಟೆ ಸೇರಿಸಿ ಕೌದಿ ಹೊಲಿದು ಬದುಕುವವಳು. ಆ ಚಿಂದಿಗೆ ಇಲಿಗಳ ಕಾಟ. ಹೊಲಿದಿಟ್ಟ ಒಂದು ಕೌದಿಯನ್ನು ಅವನಿಗೆ ಕೊಟ್ಟು ನನ್ನನ್ನು ಇಳಿಸಿಕೊಂಡಳು. ಹಾಲು ಮೊಸರು ಇದ್ದ ಕಡೆ ಚಿಂದಿ ತುಂಬಿದಳು, ತರಕಾರಿ ಟ್ರೇಯಲ್ಲಿ ಸೂಜಿ ದಾರ ಇಟ್ಟಳು. ನನ್ನ ವೈರನ್ನು ಕತ್ತರಿಸಿ ಬಟ್ಟೆ ಒಣಹಾಕಲು ಕಟ್ಟಿದಳು. ಅದಕ್ಕೆ ನಾನು ಎರಡು ದಿನ ಸಿಟ್ಟಾಗಿದ್ದೆ. ಆದರೆ ಶುಕ್ರವಾರ ಬಂತೆಂದರೆ ಒರೆಸಿ ಕುಂಕುಮ ಹಚ್ಚುತ್ತಿದ್ದಳು, ಬಂದವರಿಗೆಲ್ಲ "ನಮ್ಮ ಫ್ರಿಜ್ಜು" ಎಂದು ತೋರಿಸುತ್ತಿದ್ದಳು. ಹಾಗಾಗಿ ಕ್ಷಮಿಸಿದೆ.

ಆ ಮನೆಯಲ್ಲಿ ಸರಿಯಾಗಿ ಮುಚ್ಚುವ ಬಾಗಿಲು ನನ್ನದೊಂದೇ. ಹಿಂದಿನ ಗೋಡೆ ಬಿದ್ದುಹೋಗಿ ಅಲ್ಲಿ ಸೀರೆ ಕಟ್ಟಿದ್ದಳು. ಗೋಡೆಯಿಲ್ಲದ ಮನೆಗೆ ಸೊಸೆಯನ್ನು ಹೇಗೆ ಕಳಿಸುವುದು ಎಂದು ಬೀಗರು ಹುಲಿಗೆವ್ವನ ಮಗಳು ನೀಲವ್ವನನ್ನು ಎರಡು ವರ್ಷದಿಂದ ತವರಿಗೆ ಕಳಿಸಿರಲಿಲ್ಲ. ಅದಕ್ಕೇ ಹುಲಿಗೆವ್ವ ಸರ್ಕಾರದ ಮನೆಗೆ ಅರ್ಜಿ ಹಾಕಿದ್ದಳು.

ಒಂದು ದಿನ ಪಂಚಾಯ್ತಿಯಿಂದ ಮೌನೇಶ ಸರ್ವೆಗೆ ಬಂದ. ಫೋನು ಕೇಳಿದ್ದನ್ನು ಅವನು ಕೇಳುತ್ತಿದ್ದ.

"ಮೋಟಾರ್ ಸೈಕಲ್ ಐತೇನಬೇ?"

"ಇಲ್ಲಪಾ."

"ಫ್ರಿಜ್ಜು?"

"ಐತಿ ನೋಡು, ಕೆಂಪಂದು," ಎಂದು ಹುಲಿಗೆವ್ವ ಹೆಮ್ಮೆಯಿಂದ ನನ್ನ ಬೆನ್ನು ತಟ್ಟಿದಳು.

ಮೌನೇಶ ಬೆರಳಿನಿಂದ ಒತ್ತಿದ. ಫೋನಿನಲ್ಲಿ 'ಅನರ್ಹ' ಎಂದು ಬಂತು. ಫ್ರಿಜ್ಜು ಇದ್ದವರಿಗೆ ಸರ್ಕಾರದ ಮನೆ ಇಲ್ಲವಂತೆ.

"ಅದು ಕೆಟ್ಟು ಕುಂತೈತೋ ತಮ್ಮಾ. ಒಳಗ ಚಿಂದಿ ಅದಾವು, ತಗದು ನೋಡು."

"ನನಗ ಗೊತ್ತಾತಬೇ. ಕೆಟ್ಟೈತೋ ಛಲೋ ಐತೋ ಅಂತ ಇದು ಕೇಳಂಗಿಲ್ಲ. ಐತೋ ಇಲ್ಲೋ, ಅಷ್ಟ ಕೇಳತೈತಿ. ಸೋಮವಾರ ಇನ್ನೊಮ್ಮಿ ಬರ್ತೀನಿ, ಅಷ್ಟರಾಗ ಏನರ ಮಾಡು."

ನನಗೆ ನಿಜವಾಗಿ ನಾಚಿಕೆಯಾಯಿತು. ಒಂದು ಲೋಟ ನೀರನ್ನೂ ತಣ್ಣಗೆ ಮಾಡಲಾರದ ನಾನು ಒಬ್ಬ ಹೆಂಗಸಿನ ಮನೆಗೇ ಅಡ್ಡಗಾಲು ಹಾಕಿದ್ದೆ. ಗುಜರಿಗೆ ಕೊಟ್ಟುಬಿಡು ಎಂದರು ಓಣಿಯವರು. "ಕೌದಿ ಕೊಟ್ಟು ತಂದೀನಿ, ಮುರಿಸಾಕಲ್ಲ," ಎಂದಳು ಹುಲಿಗೆವ್ವ.

ಸೋಮವಾರ ಬೆಳಿಗ್ಗೆ, ಸರ್ವೆ ಮುಗಿಯುವವರೆಗೆ ಯಾರ ಮನೆಯಲ್ಲಾದರೂ ಇಡೋಣವೆಂದು ನನ್ನನ್ನು ತಳ್ಳುಗಾಡಿಗೆ ಏರಿಸಿದಳು. ಮೌನೇಶ ಓಣಿಯ ಆ ತುದಿಯಿಂದ ಬರುತ್ತಿದ್ದ. ಪಕ್ಕದ ಮನೆಯ ದ್ಯಾಮಣ್ಣ ಕೈ ಅಡ್ಡ ಹಿಡಿದ. "ನಮ್ದೂ ಅರ್ಜಿ ಐತಿ ಯಕ್ಕಾ, ಮುಂದಕ ಹೋಗು." ಮುಂದಿನವರದೂ ಅದೇ ಮಾತು. ನಿನ್ನೆಯವರೆಗೆ ನನ್ನ ಮೈ ಸವರಿ ನೋಡುತ್ತಿದ್ದವರು ಗಾಡಿ ಕಂಡೊಡನೆ ಬಾಗಿಲು ಹಾಕಿಕೊಂಡರು. ಒಬ್ಬಾಕೆಯಂತೂ ನನ್ನ ನೆರಳು ತನ್ನ ಕಟ್ಟೆಯ ಮೇಲೆ ಬೀಳಲೂ ಬಿಡಲಿಲ್ಲ. ಇಂಥ ಅವಮಾನ ಸೋಡಾ ಅಂಗಡಿಯಲ್ಲೂ ಆಗಿರಲಿಲ್ಲ.

ಹುಲಿಗೆವ್ವ ಬೆವರು ಒರೆಸಿಕೊಂಡಳು. ಆಮೇಲೆ ಗಾಡಿಯನ್ನು ನೇರವಾಗಿ ಪಂಚಾಯ್ತಿ ಕಚೇರಿಗೆ ತಳ್ಳಿದಳು.

"ಇಲ್ಲ್ಯಾಕ ತಂದಿಬೇ ಇದನ್ನ?" ಎಂದರು ಕಾರ್ಯದರ್ಶಿ ವೀರೇಶಯ್ಯ.

"ಊರಾಗ ಎಲ್ಲಾರೂ ಮನಿಗೆ ಅರ್ಜಿ ಹಾಕ್ಯಾರ್ರಿ. ಹಾಕಲಾರದವ್ರು ನೀವ ಉಳದೀರಿ. ಪಂಚಾಯ್ತಿಗೇನು ಮನಿ ಬೇಕಾಗಿಲ್ಲಲ್ರಿ."

ವೀರೇಶಯ್ಯನವರ ಬೆನ್ನ ಹಿಂದಿನ ಕಪಾಟಿನಲ್ಲಿ ಇಲಿಗಳು ಕಡತಗಳನ್ನು ಕರಕರ ಕಡಿಯುತ್ತಿದ್ದವು. ಅವರು ಎದ್ದು ಬಂದು ನನ್ನ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದರು. "ಆ ಮೂಲ್ಯಾಗ ಇಡು," ಎಂದರು. ಹುಲಿಗೆವ್ವ ಚಿಂದಿಯನ್ನೆಲ್ಲ ಗಂಟು ಕಟ್ಟಿಕೊಂಡು ಮನೆಗೆ ಓಡಿದಳು.

ಅವತ್ತು ಮೌನೇಶ ಫ್ರಿಜ್ಜು ಐತೇನು ಎಂದು ಕೇಳಿದನಂತೆ. ಅವಳು ಇಲ್ಲಪಾ ಎಂದಳಂತೆ. ಫೋನು ಒಪ್ಪಿತು.

ಮರುವರ್ಷ ನಾಲ್ಕು ಗೋಡೆ ಎದ್ದವು. ಗೃಹಪ್ರವೇಶದ ಮರುದಿನವೇ ಹುಲಿಗೆವ್ವ ನನ್ನನ್ನು ಒಯ್ಯಲು ತಳ್ಳುಗಾಡಿ ತಂದಳು. ವೀರೇಶಯ್ಯ ಮುಜುಗರದಿಂದ ಹೇಳಿದರು, "ಕಚೇರಿ ಸಾಮಾನಿನ ಪಟ್ಟ್ಯಾಗ ಇದರ ಹೆಸರು ಬರದಾಗೇತಿಬೇ. ಈಗಿದು ಸರ್ಕಾರದ್ದು."

ಅವಳು ಸೆರಗಿನಿಂದ ನನ್ನ ಮೈಮೇಲಿನ ಧೂಳು ಒರೆಸಿದಳು. "ಇರ್ಲಿ ಬಿಡ್ರಿ. ಮಗಳು ಬಂದಾಳ, ಮೊಮ್ಮಗಳು ಬಂದೈತಿ. ಇಡಾಕ ಜಾಗಾನೂ ಇಲ್ಲ," ಎಂದಳು. ಮನೆಯಲ್ಲಿ ಜಾಗವಿತ್ತು ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಸೊಂಟದ ಚೀಲದಿಂದ ಕುಂಕುಮ ತೆಗೆದು ಹಚ್ಚಿ, ಖಾಲಿ ಗಾಡಿ ತಳ್ಳಿಕೊಂಡು ಹೋದಳು.

ಈಗ ನನಗೆ ವಯಸ್ಸಾಗಿದೆ. ಕಾಲಿಗೆ ತುಕ್ಕು ಹಿಡಿದಿದೆ. ಹೊಟ್ಟೆಯ ತುಂಬ ಊರಿನವರ ಅರ್ಜಿಗಳು. ಸೂಜಿ ದಾರ ಇರುತ್ತಿದ್ದ ತರಕಾರಿ ಟ್ರೇಯಲ್ಲಿ ಹುಲಿಗೆವ್ವನ ಕಡತವಿದೆ. ಅದರ ಏಳನೆಯ ಸಾಲಿನಲ್ಲಿ 'ಫ್ರಿಜ್ಜು: ಇಲ್ಲ' ಎಂದು ಬರೆದು ಮೊಹರು ಹಾಕಿದ್ದಾರೆ. ನಾನು ಇಲ್ಲ ಎನ್ನುವ ಆ ಕಾಗದವನ್ನು ನಾನೇ ಕಾಯುತ್ತಿದ್ದೇನೆ. ಇವತ್ತಿನವರೆಗೆ ಒಂದು ಇಲಿಯನ್ನೂ ಅದರ ಹತ್ತಿರ ಬಿಟ್ಟಿಲ್ಲ.