ತೊಳೆದ ಅಂಗಳಕ್ಕೆ ಸಾಹೇಬರು ಬಂದರು

ಹೆಂಡತಿಯ ಹೊಟ್ಟೆಪಾಡನ್ನೇ ಕಸದ ಲಾರಿಗೆ ತುಂಬಿ ಕಳಿಸಿದ ಗಂಡ ಇಡೀ ಕಾಮಾಕ್ಷಿಪಾಳ್ಯದಲ್ಲಿ ನಾನೊಬ್ಬನೇ ಇರಬೇಕು. ಬೇರೆಯವರು ಹೇಳಿ ಆಡಿಕೊಳ್ಳುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು.

ನನ್ನ ಹೆಂಡತಿ ಪಟಾಲಮ್ಮ ಗಾರ್ಮೆಂಟ್ಸಿನವರು ಬಿಸಾಡುವ ಚಿಂದಿ ಬಟ್ಟೆ ತಂದು, ಲೇತ್ ವರ್ಕ್‌ಶಾಪುಗಳಿಗೆ ಕೈ ಒರೆಸಲು, ಮೆಷಿನ್ ಒರೆಸಲು ಕೊಡುತ್ತಿದ್ದಳು. ಅಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ. ಇವಳು ಎಣ್ಣೆ ಕುಡಿದ ಅದೇ ಬಟ್ಟೆಯನ್ನು ವಾಪಸು ತರುತ್ತಿದ್ದಳು. ಹಳೇ ಡ್ರಮ್ಮಿಗೆ ಗ್ರೈಂಡರಿನ ಮೋಟಾರು ಕೂರಿಸಿದ್ದಳು. ಅದರಲ್ಲಿ ಬಿಸಿನೀರು ಹಾಕಿ ತಿರುಗಿಸಿದರೆ ಎಣ್ಣೆ ಮೇಲೆ ತೇಲುತ್ತಿತ್ತು. ಅದನ್ನು ಕಾಂಕ್ರೀಟು ಅಂಟದಂತೆ ಸೆಂಟ್ರಿಂಗ್ ಹಲಗೆಗೆ ಬಳಿಯಲು ಮೇಸ್ತ್ರಿಗಳು ಒಯ್ಯುತ್ತಿದ್ದರು. ಬಟ್ಟೆಯನ್ನು ಸೋಡಾ ಹಾಕಿ ತೊಳೆದು ಮತ್ತೆ ವರ್ಕ್‌ಶಾಪಿಗೆ ಕೊಡುತ್ತಿದ್ದಳು.

ಎಂಬತ್ತಾರನೇ ಇಸವಿಯಲ್ಲಿ, ಅವಳು ಈ ಕೆಲಸ ಮಾಡುತ್ತಿದ್ದ ಬಾಡಿಗೆ ಅಂಗಳದ ಮಾಲೀಕರು ತಿಂಗಳ ಕೊನೆಗೆ ಜಾಗ ಬಿಡಿ ಎಂದರು. ಆಗಲೇ ಸರ್ಕಾರದ ಒಂದು ಯೋಜನೆ ಬಂದಿತ್ತು. ಸಣ್ಣ ಕೈಗಾರಿಕೆಯಲ್ಲಿ ಹೊಸ ವಿಧಾನ ತಂದವರಿಗೆ ಶೆಡ್ಡು ಕೊಡುತ್ತಾರಂತೆ. ಶೆಡ್ಡು ಸಿಕ್ಕರೆ ಅವಳ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ಡ್ರಮ್ಮು ಗುಜರಿಗೆ. ಅರ್ಜಿ ಎರಡು ಸಲ ವಾಪಸು ಬಂತು. ಕಸವನ್ನು ಕಚ್ಚಾವಸ್ತು ಎಂದು ಒಪ್ಪುವುದಕ್ಕೆ ನಿಯಮ ಇಲ್ಲವಂತೆ. ಮೂರನೆಯ ಸಲ ಪಟಾಲಮ್ಮ ಆಫೀಸಿನಲ್ಲೇ ಕೂತುಬಿಟ್ಟಳು. ಕಡೆಗೆ ಲಕ್ಷ್ಮೀಪತಿ ಎಂಬ ಅಧಿಕಾರಿ, ತಾನೇ ಬಂದು ನೋಡುವುದಾಗಿ ಹೇಳಿದರು.

ದೊಡ್ಡವರು ಬರುತ್ತಾರೆ ಎಂದರೆ ನಮ್ಮಲ್ಲಿ ಆಯುಧಪೂಜೆಯ ಸಡಗರ. ಆ ಬೆಳಿಗ್ಗೆ ಅವಳು ಅರ್ಜಿಯ ಇನ್ನೊಂದು ಪ್ರತಿ ಟೈಪು ಮಾಡಿಸಲು ಗೋವಿಂದರಾಜನಗರಕ್ಕೆ ಹೋದದ್ದೇ ತಡ, ನಾನು ಸೊಂಟ ಕಟ್ಟಿ ನಿಂತೆ. ನಾಲ್ಕು ಮೂಟೆ ಕೊಳೆ ಬಟ್ಟೆಯನ್ನು ಕಸದ ಲಾರಿಗೆ ಹಾಕಿಸಿದೆ. ಅಂಗಳ ಸಾರಿಸಿದೆ, ಪಕ್ಕದ ಮನೆಯ ನರಸಮ್ಮನವರಿಂದ ರಂಗೋಲಿ ಹಾಕಿಸಿದೆ. ಡ್ರಮ್ಮಿಗೆ ಕುಂಕುಮ ಇಟ್ಟು ಹೂವು ಮುಡಿಸಿದೆ.

ಅವಳೂ ಬಂದಳು, ಹಿಂದೆಯೇ ಜೀಪೂ ಬಂತು.

"ಏನ್ರೀ, ಮೂಟೆಗಳೆಲ್ಲಿ?"

"ಗಲೀಜು ಅಂತ ಲಾರಿಗೆ ಹಾಕ್ದೆ ಕಣೇ."

ಅವಳು ಮೂಟೆಗಳಿದ್ದ ಖಾಲಿ ಮೂಲೆಯತ್ತ ನೋಡಿದಳು. ಬೈದಿದ್ದರೆ ನನಗೆ ಜೀವ ಬರುತ್ತಿತ್ತು.

ಲಕ್ಷ್ಮೀಪತಿ ಡ್ರಮ್ಮಿನ ಸುತ್ತ ಒಂದು ಸುತ್ತು ಬಂದರು. "ಏನಮ್ಮ, ಪೂಜೆ ಚೆನ್ನಾಗಾಗಿದೆ. ಕೆಲಸ ಎಲ್ಲಿ? ನಾಳೆ ಕಮಿಟಿ ಇದೆ. ನೋಡ್ದೆ ನಾನೇನು ಬರೀಲಿ?"

"ಅರ್ಧ ಗಂಟೆ ಕೊಡಿ ಸಾರ್," ಎಂದವಳೇ ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದಳು. "ಕೆಂಚಪ್ಪಣ್ಣಾ! ಕೊಳೆ ಬಟ್ಟೆ ತನ್ನಿ ಅಣ್ಣಾ, ಈಗ್ಲೇ!" ಎಂದು ಕೂಗಿದ್ದು ಮಾಗಡಿ ರಸ್ತೆಗೂ ಕೇಳಿಸಿರಬೇಕು.

ಮೊದಲು ಕೆಂಚಪ್ಪ ಲೇತ್ ನಿಲ್ಲಿಸಿ, ಕೈಯಲ್ಲೊಂದು ಕೊಳೆ ಬಟ್ಟೆ ತುಂಬಿದ ತಗಡಿನ ಡಬ್ಬ ಹಿಡಿದು ಬಂದ. ಹಿಂದೆ ವೆಲ್ಡಿಂಗ್ ಅಂಗಡಿಯ ಏಕಾಂತಯ್ಯ. ಆಮೇಲೆ ಬೀದಿಗೆ ಬೀದಿಯೇ ಬಂತು. ಎಲ್ಲರ ಕೈಯಲ್ಲೂ ಡಬ್ಬ, ಒಂದೊಂದರ ಮೇಲೂ ಅವರವರ ವರ್ಕ್‌ಶಾಪಿನ ಹೆಸರು.

"ಎಲ್ರೂ ಯಾಕ್ರೀ ಇದನ್ನ ಕೂಡಿಟ್ಟಿದೀರಾ?" ಲಕ್ಷ್ಮೀಪತಿ ಕೇಳಿದರು.

"ಕೂಡಿಡದೆ ಇನ್ನೇನು ಸಾರ್?" ಎಂದ ಕೆಂಚಪ್ಪ. "ಕೊಳೆ ವಾಪಸ್ ಕೊಟ್ರೇನೇ ತೊಳೆದಿದ್ದು ಕೊಡ್ತಾಳೆ ಈಯಮ್ಮ. ಒಂದು ತುಂಡು ಕಮ್ಮಿ ಆದ್ರೂ ಬಿಡಲ್ಲ. ನಮ್ಮೂರ ಪಟೇಲರಿಗೂ ಇಷ್ಟು ಹೆದರ್ತಿರಲಿಲ್ಲ."

ಲಕ್ಷ್ಮೀಪತಿ ಪೆನ್ನು ತೆಗೆದು ಡಬ್ಬಗಳನ್ನು ಎಣಿಸಿದರು. ಮೂವತ್ತೊಂದು. ಡ್ರಮ್ಮು ತಿರುಗಿತು, ಕಪ್ಪು ಎಣ್ಣೆ ಮೇಲೆ ಬಂತು, ಬಟ್ಟೆ ಹಗ್ಗದ ಮೇಲೆ ಹರಡಿಕೊಂಡಿತು. ಅವರು ಬೂಟಿಗೆ ಎಣ್ಣೆ ತಾಗಿದ್ದನ್ನೂ ಗಮನಿಸದೆ ಬರೆಯುತ್ತಲೇ ಇದ್ದರು.

"ನಿಜ ಹೇಳ್ಲಾ ಅಮ್ಮ? ಮೂಟೆ ಇಲ್ಲೇ ಇದ್ದಿದ್ರೆ ನಾನೂ ಕಸ ಅಂತಾನೇ ಬರೀತಿದ್ದೆ. ಮೂವತ್ತೊಂದು ಜನ ತಾವೇ ಹೊತ್ತು ತಂದುಕೊಟ್ರೆ ಅದು ಕಸ ಹೇಗಾಗುತ್ತೆ? ನಾಳೆ ನಿಯಮಾನೇ ತಿದ್ದಿ ಅಂತ ಕೇಳ್ತೀನಿ."

ಬರೀ ಮಾತೇನೋ ಎಂದು ನಾನು ಅಂದುಕೊಂಡೆ. ಹದಿನೆಂಟು ದಿನಕ್ಕೆ ಕಾಗದ ಬಂತು. ಶೆಡ್ಡು ಮಂಜೂರಾಗಿತ್ತು. ಕೆಳಗೆ ಒಂದು ಸಾಲು ಬೇರೆ ಇತ್ತು, ಅದನ್ನೂ ಅವಳಿಗೆ ಓದಿ ಹೇಳಿದೆ: ಇನ್ನು ಮುಂದೆ ಈ ಯೋಜನೆಯಲ್ಲಿ, ಒಮ್ಮೆ ಬಳಸಿ ವಾಪಸು ಪಡೆದ ವಸ್ತುವನ್ನೂ ಕಚ್ಚಾವಸ್ತು ಎಂದೇ ಪರಿಗಣಿಸಲಾಗುವುದು.

ನನ್ನ ಎದೆ ಉಬ್ಬಿತು. "ನೋಡಿದ್ಯೇನೇ, ನಾನು ಲಾರಿಗೆ ಹಾಕಿದ್ದಕ್ಕೇ ತಾನೇ..." ಎಂದು ಶುರುಮಾಡಿದೆ.

"ಸುಮ್ನಿರ್ರೀ," ಎಂದಳು ಪಟಾಲಮ್ಮ. ಅವಳಿಗೆ ಓದು ಬಾರದು. ಕಾಗದವನ್ನು ನನ್ನ ಮುಂದೆ ಹಿಡಿದು, "ಆ ಸಾಲು ಎಲ್ಲಿದೆ, ಬೆರಳಿಟ್ಟು ತೋರ್ಸಿ," ಎಂದಳು. ತೋರಿಸಿದೆ. ಕಣ್ಣು ತುಂಬಿಕೊಂಡು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನಿಧಾನವಾಗಿ ಬೆರಳಾಡಿಸಿದಳು.

"ಇದು ನಾನು ಬರೆಸಿದ್ದು," ಎಂದಳು.